ಹಾರುವ ದಿನ ಬಿಚ್ಚದ ಗಂಟು

ಅಂದಾನೊಂದು ಕಾಲದಲ್ಲಿ, ಮರಗಳು ಮನುಷ್ಯರ ಜೊತೆ ಇನ್ನೂ ಮಾತು ಬಿಟ್ಟಿರದ ದಿನಗಳಲ್ಲಿ, ಒಂದು ತೆಂಗಿನ ಮರ ತನ್ನ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೆಲಸ ಹಂಚಿತಂತೆ. ಎಳನೀರಿಗೆ ದಣಿದವರ ಬಾಯಾರಿಕೆ, ಕಾಯಿಗೆ ದೇವರ ಮುಂದೆ ಒಡೆಯುವ ಕೆಲಸ, ಕೊಬ್ಬರಿಗೆ ಮದುವೆ ಮನೆಯ ತಟ್ಟೆ, ಚಿಪ್ಪಿಗೆ ಸೌಟು, ಗರಿಗೆ ಚಪ್ಪರ. ಎಲ್ಲರೂ ಎದ್ದು ಹೋದ ಮೇಲೆ ಮೂಲೆಯಲ್ಲಿ ಒಬ್ಬಳು ಉಳಿದಳು, ನಾರು ತುಂಬಿದ ಒರಟು ಮೈಯ ಮಟ್ಟೆ.

“ನನಗೇನಮ್ಮಾ?” ಅಂದಳು.

“ನೀನು ಹಿಡಿದುಕೋ” ಅಂದಿತು ಮರ.

“ಏನನ್ನ?”

“ಯಾರು ಏನು ಕೊಡ್ತಾರೋ ಅದನ್ನ.”

ಅಂದಿನಿಂದ ನಮ್ಮ ವಂಶಕ್ಕೆ ಹಿಡಿದುಕೊಳ್ಳುವುದೇ ಕಸುಬು. ಆ ವಂಶದಲ್ಲಿ ಹುಟ್ಟಿದ ನಾನು ಒಂದು ನಾರಿನ ಹಗ್ಗ. ಉದ್ದ ಹನ್ನೆರಡು ಮಾರು. ಈಗ ಒಂದು ಗೇಣು ಕಡಿಮೆ. ಆ ಒಂದು ಗೇಣು ಎಲ್ಲಿ ಹೋಯಿತು ಎಂದು ಹೇಳುವುದಕ್ಕೇ ಈ ಕಥೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ತಿಪಟೂರಿನ ಹತ್ತಿರ ಒಂದು ಗುಂಡಿಯ ನೀರಿನಲ್ಲಿ ನಾನು ತಿಂಗಳುಗಟ್ಟಲೆ ನೆನೆದೆ. ಆಮೇಲೆ ಪುಟ್ಟನಂಜಮ್ಮ ಎಂಬುವಳು ನನ್ನನ್ನು ಮೇಲೆತ್ತಿ, ಕೊಡತಿಯಿಂದ ಬಡಿಬಡಿದು, ಸಿಪ್ಪೆಯ ಹೊಟ್ಟು ಉದುರಿಸಿ, ನಾರು ನಾರಾಗಿ ಬಿಡಿಸಿದಳು. ಬಿಸಿಲಿಗೆ ಹರವಿದಳು. ಎರಡು ಅಂಗೈಗಳ ನಡುವೆ ಇಟ್ಟು ಹೊಸೆದಳು. ಅವಳ ಅಂಗೈ ನನಗಿಂತ ಒರಟು. ಮೂರು ಹುರಿ ಸೇರಿಸಿ ಒಂದು ಮಾಡಿದಾಗ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಜಗ್ಗಿ ನೋಡಿ, “ಇದು ಆನೆ ಕಟ್ಟಿದ್ರೂ ಬಿಡಕಿಲ್ಲ ಕಣೆ” ಎಂದು ಪಕ್ಕದವಳಿಗೆ ಹೇಳಿದಳು. ಆ ಮಾತು ನನ್ನ ತಲೆಗೆ ಏರಿತು. ಹೊಗಳಿಕೆ ಕೇಳಿದ ಮಗುವಿನ ಹಾಗೆ ಅದನ್ನೇ ಜೀವನಪೂರ್ತಿ ನಂಬಿಕೊಂಡೆ. ಬಿಡದೆ ಇರುವುದೇ ದೊಡ್ಡತನ ಎಂದುಕೊಂಡೆ.

ಸಂತೆಯಲ್ಲಿ ನನ್ನನ್ನು ಕೊಂಡವರು ದ್ರಾಕ್ಷಾಯಣಿ ಮಿಸ್. ಆಗ ಅವರಿಗೆ ಮದುವೆಯಾಗಿ ಮೂರು ತಿಂಗಳು. ಮೂರು ದಿಕ್ಕಿಗೆ ರೈಲು ಹೋಗುವ ಒಂದು ಜಂಕ್ಷನ್ ಊರಿನಲ್ಲಿ ಅವರ ಮನೆ, ಮನೆಯ ಹಿತ್ತಲಲ್ಲಿ ಬಾವಿ. ಎರಡು ವರ್ಷ ನಾನು ಆ ಬಾವಿಯ ರಾಟೆಯ ಮೇಲೆ ಏರಿಳಿದೆ. ಬೆಳಗಾದರೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಠ ಮಾಡುವ ಹಾಗೆ ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಾ ನೀರು ಸೇದುತ್ತಿದ್ದರು. ಆಮೇಲೆ ಊರಿಗೆ ನಲ್ಲಿ ಬಂತು. ಬಾವಿಯ ಮೇಲೆ ಕಲ್ಲು ಚಪ್ಪಡಿ ಬಂತು. ಮಿಸ್ ನನ್ನನ್ನು ಸುರುಳಿ ಸುತ್ತಿ ತಾವು ಕಲಿಸುವ ಶಾಲೆಗೆ ಒಯ್ದರು.

ಆ ಶಾಲೆಯಲ್ಲಿ ಅವರು ಬುಲ್‌ಬುಲ್‌ಗಳ ಮಿಸ್. ಸ್ಕೌಟು ಗೈಡಿನ ಲೆಕ್ಕದಲ್ಲಿ ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳು ಬುಲ್‌ಬುಲ್‌ಗಳು. ಹತ್ತು ತುಂಬಿದ ಮೇಲೆ ಅವರು ಗೈಡ್ಸ್‌ಗೆ ಏರಬೇಕು. ಏರುವ ದಿನಕ್ಕೆ ಮಕ್ಕಳು ಇಟ್ಟ ಹೆಸರು ‘ಹಾರುವ ದಿನ’. ಬುಲ್‌ಬುಲ್ ಹಕ್ಕಿ ಅಲ್ಲವೇ, ಹಾರಬೇಕು. ವರ್ಷಕ್ಕೆ ಎರಡು ಸಲ ಹಾರುವ ದಿನ, ದಸರಾ ರಜೆ ಮುಗಿದ ಮೊದಲ ದಿನ ಒಂದು, ಯುಗಾದಿಗೆ ಮುಂಚೆ ಇನ್ನೊಂದು.

ಆ ದಿನಕ್ಕೆ ಮಿಸ್ ಒಂದು ಪದ್ಧತಿ ಮಾಡಿದ್ದರು. ಅದು ಬೇರೆ ಯಾವ ಶಾಲೆಯಲ್ಲೂ ಇರಲಿಲ್ಲವಂತೆ. ಹಾರುವವಳು ಒಂದು ವಾರ ಮೊದಲೇ ನನ್ನ ಎರಡು ತುದಿ ಸೇರಿಸಿ ಗಂಟು ಹಾಕಿ ನನ್ನನ್ನು ಉಂಗುರ ಮಾಡಬೇಕು. ಅವಳ ಗಂಟಿನ ಜೊತೆಯಲ್ಲೇ ನಾನು ವಾರವಿಡೀ ಬುಲ್‌ಬುಲ್ ಕೋಣೆಯ ಮೊಳೆಗೆ ನೇತಾಡುತ್ತೇನೆ. ಹಾರುವ ದಿನ ಮಕ್ಕಳೆಲ್ಲ ನನ್ನೊಳಗೆ ನಿಂತು, ನನ್ನನ್ನು ಹಿಡಿದು ಹಿಂದಕ್ಕೆ ವಾಲಿ, ಹಾಡುತ್ತಾ ಗರಗರ ಸುತ್ತುತ್ತಾರೆ. ಹಾಡು ನಿಂತಾಗ ಹಾರುವವಳು ತನ್ನ ಗಂಟನ್ನು ತಾನೇ ಬಿಚ್ಚಿ ಹೊರಗೆ ಕಾಲಿಡಬೇಕು. ಹೊರಗೆ ನಿಂತು ತಿರುಗಿ ಮತ್ತೆ ಗಂಟು ಹಾಕಬೇಕು. ಒಳಗಿರುವ ಚಿಕ್ಕವರು ಚೆದುರಿ ಹೋಗಬಾರದಲ್ಲ, ಅದಕ್ಕೆ. ಆ ಕಡೆ ಗೈಡ್ಸ್ ಸಾಲಾಗಿ ನಿಂತಿರುತ್ತಾರೆ. ಅವರ ಮುಖ್ಯಸ್ಥೆ ಎಸ್ತರ್ ಮೇಡಂ ಎಡಗೈ ಮುಂದೆ ಚಾಚಿರುತ್ತಾರೆ. ಸ್ಕೌಟು ಗೈಡಿನವರು ಕೈ ಕುಲುಕುವುದು ಎಡಗೈಯಲ್ಲೇ.

ಗಂಟು ಅಂದರೆ ಎಂಥದ್ದೋ ಗಂಟಲ್ಲ, ರೀಫ್ ಗಂಟು. “ಬಲ ಎಡದ ಮೇಲೆ, ಎಡ ಬಲದ ಮೇಲೆ” ಎಂದು ಮಕ್ಕಳು ಮಗ್ಗಿಯ ಹಾಗೆ ಹೇಳುತ್ತಿದ್ದರು. ಸರಿಯಾಗಿ ಹಾಕಿದರೆ ಎಷ್ಟು ಎಳೆದರೂ ನಿಲ್ಲುತ್ತದೆ, ಎರಡು ಬದಿಯಿಂದ ಒತ್ತಿದರೆ ಮೊಗ್ಗು ಬಿರಿದ ಹಾಗೆ ಬಿಚ್ಚಿಕೊಳ್ಳುತ್ತದೆ. ತಪ್ಪಾಗಿ ಹಾಕಿದರೆ ಜಾರುತ್ತದೆ, ಇಲ್ಲವೇ ಕಚ್ಚಿಕೊಳ್ಳುತ್ತದೆ.

ಹನ್ನೊಂದು ವರ್ಷ ನಾನು ಹುಡುಗಿಯರನ್ನು ಹಾರಿಸಿದೆ. ಬೆವರಿದ ಕೈ, ಮದರಂಗಿ ಕೈ, ಉಗುರು ಕಚ್ಚಿದ ಕೈ, ಹುಣಿಸೆಹಣ್ಣಿನ ಅಂಟು ಅಂಟು ಕೈ, ಎಲ್ಲವೂ ನನಗೆ ಗೊತ್ತು. ಅವರು ಹಾರುವಾಗ ನಾನು ನೆಲದ ಮೇಲಿಂದ ಅವರ ಬಿಳಿ ಕ್ಯಾನ್ವಾಸ್ ಶೂಗಳನ್ನು ನೋಡುತ್ತಿದ್ದೆ. ಒಂದು ಶೂ ಒಳಗೆ, ಒಂದು ಶೂ ಹೊರಗೆ. ಆಮೇಲೆ ಎರಡೂ ಹೊರಗೆ.

ಮಿಸ್ ನನ್ನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಮ್ಮೆ ನಾಲ್ಕು ಹುಡುಗಿಯರು ನನ್ನನ್ನು ತೆಗೆದುಕೊಂಡು ಹಗ್ಗದಾಟ ಆಡಿದ್ದಕ್ಕೆ ನಾಲ್ವರಿಗೂ ಬಸ್ಕಿ ಹೊಡೆಸಿದರು. ಇನ್ನೊಮ್ಮೆ ಆಯಾ ನಂಜಮ್ಮ ಒದ್ದೆ ಬಟ್ಟೆ ಹರವಿದಳೆಂದು ಶಾಲೆಗೆಲ್ಲ ಕೇಳುವ ಹಾಗೆ, “ಇದು ನಿಮ್ಮ ಮನೆ ಹಗ್ಗ ಅಲ್ಲ, ಬುಲ್‌ಬುಲ್‌ಗಳದ್ದು! ಬೇರೆ ಯಾವ ಕೆಲಸಕ್ಕೂ ಯಾರೂ ಮುಟ್ಟಬಾರದು!” ಎಂದು ಕೂಗಾಡಿದರು. ನಾನು ಮೊಳೆಯ ಮೇಲೆ ರಾಣಿಯ ಹಾಗೆ ಕೂತು ಕೇಳಿಸಿಕೊಂಡೆ.

ಆ ಮೇಲೆ ವನಮಾಲಾಳ ಸರದಿ ಬಂತು.

ವನಮಾಲಾ ರೈಲ್ವೆ ಗೇಟಿನ ಪಕ್ಕದ ವಠಾರದ ಹುಡುಗಿ. ತಾಯಿ ಇಲ್ಲ. ತಂದೆ ಗ್ಯಾಂಗಿನ ಕೆಲಸಕ್ಕೆ ಹಳಿಯ ಮೇಲೆ ಎಲ್ಲೆಲ್ಲೋ ಇರುತ್ತಿದ್ದ. ಸಾಕಿದವಳು ಅಜ್ಜಿ ಸಾಕಮ್ಮ. ಹುಡುಗಿಗೆ ಎಡಗೈ ಓಡಾಟ ಹೆಚ್ಚು. ಊಟಕ್ಕೆ ಕೂತಾಗ, ಅರಿಶಿನ ಕುಂಕುಮ ತೆಗೆದುಕೊಳ್ಳುವಾಗ, ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ, ಎಲ್ಲೆಲ್ಲೂ ಆ ಎಡಗೈಗೆ ಒಂದು ಏಟು ಬೀಳುತ್ತಿತ್ತು. ಅಂಥವಳಿಗೆ ಗೈಡ್ಸ್‌ನವರು ಎಡಗೈ ಕೊಟ್ಟು ಬರಮಾಡಿಕೊಳ್ಳುತ್ತಾರೆ ಎಂದು ಗೊತ್ತಾದ ದಿನ ಅವಳು ನನ್ನ ಪಕ್ಕದಲ್ಲೇ ನಿಂತು ಕೇಳಿದಳು:

“ಮಿಸ್, ನಿಜವಾಗ್ಲೂ ಎಡಗೈಯೇನಾ? ಎಲ್ಲರ ಎದುರಿಗೇನಾ?”

“ಎಲ್ಲರ ಎದುರಿಗೇ. ನಿನ್ನ ನಾನೇ ದಾಟಿಸ್ತೀನಿ ನೋಡ್ತಿರು, ಮಾತು ಕೊಟ್ಟಿದ್ದೀನಿ” ಎಂದರು ಮಿಸ್, ಅವಳ ಸ್ಕಾರ್ಫ್ ಸರಿಮಾಡುತ್ತಾ.

ದಸರಾ ರಜೆ ಶುರುವಾಗುವ ಸಂಜೆ ವನಮಾಲಾ ಗಂಟು ಹಾಕಿದಳು. ಮೂರು ಸಲ ಹಾಕಿ, ಮೂರು ಸಲ ಬಿಚ್ಚಿ, ನಾಲ್ಕನೆಯದನ್ನು ಉಳಿಸಿದಳು. ಹನ್ನೊಂದು ವರ್ಷದಲ್ಲಿ ನನ್ನ ಮೈಮೇಲೆ ಬಿದ್ದ ಗಂಟುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಆ ಸಲ ಹತ್ತು ತುಂಬಿದವಳು ಅವಳೊಬ್ಬಳೇ. ಹಾರುವ ದಿನ ಪೂರ್ತಿ ಅವಳದೇ.

ಮಾರನೇ ಬೆಳಿಗ್ಗೆ ಬುಲ್‌ಬುಲ್ ಕೋಣೆಯ ಬೀಗ ತೆಗೆದ ಸದ್ದಾಯಿತು. ಒಳಗೆ ಬಂದವರು ಮಿಸ್. ಊರಿಗೆ ಹೊರಟ ಅವಸರ. ಹಿರಿಯೂರಿನಲ್ಲಿ ತಂಗಿಯ ಬಾಣಂತನ, ಅವಳಿಗೆಂದು ಬೂರುಗದ ಹತ್ತಿಯ ಹಾಸಿಗೆ ಹೊಲಿಸಿದ್ದರು. ಅದನ್ನು ಸುತ್ತಿ ಕಟ್ಟಲು ಮನೆಯಲ್ಲಿ ಹಗ್ಗ ಸಿಗಲಿಲ್ಲ. ಅವರು ನನ್ನನ್ನು ನೋಡಿದರು. ಒಂದು ಕ್ಷಣ ನಿಂತರು. “ನಮ್ಮನೇದೇ ತಾನೇ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎರಡು ಬದಿಯಿಂದ ಒತ್ತಿದರು. ವನಮಾಲಾಳ ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಹೇಳಲು ನಾಚಿಕೆ, ಆ ಪ್ರಯಾಣ ನನಗೆ ಇಷ್ಟವಾಯಿತು. ಬಸ್ಸಿನ ಟಾಪಿನ ಮೇಲೆ ಗಾಳಿ ಕುಡಿಯುತ್ತಾ ಹೋದೆ. ಹಿರಿಯೂರಿನಲ್ಲಿ ಐದಾರು ದಿನ ತೊಟ್ಟಿಲ ಮನೆಯ ಮೂಲೆಯಲ್ಲಿ ಸಾಂಬ್ರಾಣಿ ಹೊಗೆ ಕುಡಿದೆ. ವಾಪಸು ಬರುವಾಗ ಕಡಲೆಕಾಯಿ ಮೂಟೆಗೆ ನನ್ನನ್ನು ಬಿಗಿದರು. ದಾರಿಯಲ್ಲಿ ಮಳೆ ಸುರಿಯಿತು. ಬಸ್ಸು ಪಂಕ್ಚರ್ ಆಯಿತು. ನಾರಿನ ಹಗ್ಗ ನೆನೆದರೆ ಊದಿಕೊಳ್ಳುತ್ತದೆ. ನಾನು ಊದಿಕೊಂಡು, ಭಾರವಾಗಿ, ಮಿಸ್ಸಿನ ಹೆಗಲ ಮೇಲೆ ಬಸ್ ಸ್ಟ್ಯಾಂಡಿನಿಂದ ನೇರ ಶಾಲೆಗೆ ಬಂದೆ. ಮೂಟೆಯನ್ನು ಯಾರದೋ ಅಂಗಡಿಯಲ್ಲಿ ಬಿಟ್ಟಿದ್ದರು. ಪ್ರಾರ್ಥನೆ ಮುಗಿದು ಮೈದಾನದಲ್ಲಿ ಶಾಮಿಯಾನ ಕಟ್ಟಿ ಆಗಿತ್ತು. ಜಿಲ್ಲೆಯಿಂದ ಯಾರೋ ದೊಡ್ಡವರು ಬಂದು ಕೂತಿದ್ದರು.

ಕೋಣೆಯ ಬಾಗಿಲ ಹಿಂದೆ ನಿಂತು ಮಿಸ್ ನನ್ನ ಎರಡು ತುದಿ ಸೇರಿಸಿದರು. ತಪ್ಪು ಆದದ್ದು ಅಲ್ಲೇ. ಹನ್ನೊಂದು ವರ್ಷದಿಂದ ಅವರು ಗಂಟು ಹಾಕಿದ್ದೆಲ್ಲ ಮಕ್ಕಳಿಗೆ ಮುಖ ಮಾಡಿ. ಎದುರು ಕೂತ ಮಗುವಿಗೆ ಸರಿ ಕಾಣಲಿ ಎಂದು ಅವರು ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ತೋರಿಸುತ್ತಿದ್ದರು. ಅಂದು ಎದುರಿಗೆ ಮಗು ಇರಲಿಲ್ಲ. ಮೊದಲ ಸುತ್ತನ್ನು ತಮಗಾಗಿ ಹಾಕಿದರು. ಎರಡನೆಯ ಸುತ್ತಿಗೆ ಕೈ ಹಳೆಯ ಅಭ್ಯಾಸಕ್ಕೆ ತಿರುಗಿತು, ಅದನ್ನು ಮಕ್ಕಳಿಗಾಗಿ ಹಾಕಿದರು. ಎರಡೂ ಸುತ್ತು ಒಂದೇ ಕಡೆಗೆ ಬಿದ್ದವು. ಕಳಪೆ ಗಂಟು. ಅವರು ಅದನ್ನು ನೋಡಲೂ ಇಲ್ಲ. ನನ್ನನ್ನು ಮೈದಾನಕ್ಕೆ ಹೊತ್ತು ಓಡಿದರು.

ಇಪ್ಪತ್ತನಾಲ್ಕು ಮಕ್ಕಳು ನನ್ನನ್ನು ಹಿಡಿದು ಹಿಂದಕ್ಕೆ ವಾಲಿದರು. ಸುತ್ತಿದರು. ಹಾಡಿದರು. ಒಂದೊಂದು ಸುತ್ತಿಗೂ ಆ ಗಂಟು ಬಿಗಿಯುತ್ತಾ ಹೋಯಿತು. ಒದ್ದೆ ನಾರು ಒದ್ದೆ ನಾರನ್ನು ಕಚ್ಚಿತು. ಹಾಡು ನಿಂತಿತು. ವನಮಾಲಾ ನಗುತ್ತಾ ಗಂಟಿನ ಹತ್ತಿರ ಬಂದು ಎರಡು ಬದಿಯಿಂದ ಒತ್ತಿದಳು.

ನಾನು ಬಿಡಲಿಲ್ಲ.

ಮತ್ತೆ ಒತ್ತಿದಳು. ಉಗುರು ಹಾಕಿದಳು. ಹಲ್ಲು ಹಾಕಿದಳು. ಅವಳ ಎಂಜಲು, ಅವಳ ಬೆವರು, ಕೊನೆಗೆ ಅವಳ ಕಣ್ಣೀರು, ಎಲ್ಲವೂ ನನಗೆ ತಗುಲಿತು. ಆನೆ ಕಟ್ಟಿದರೂ ಬಿಡದ ಹಗ್ಗ ನಾನು! ಒಂದು ಹುಡುಗಿಯ ಎಳೆಯ ಬೆರಳ ಮುಂದೆ ಆ ಗಟ್ಟಿತನ ತೋರಿಸಿದೆ. ಶಾಮಿಯಾನದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಾಚಿದ್ದ ಎಡಗೈಯನ್ನು ಎಸ್ತರ್ ಮೇಡಂ ಕೆಳಗಿಳಿಸಿದರು.

ಅವರು ಬಂದು ಬಗ್ಗಿ ನೋಡಿದರು. “ಇದು ರೀಫ್ ಗಂಟೇ ಅಲ್ಲ. ಯಾರು ಹಾಕಿದ್ದು?”

“ಹಾರುವವಳೇ ಹಾಕೋದು ಮೇಡಂ” ಎಂದು ಗೈಡ್ಸ್ ಸಾಲಿನಿಂದ ಒಬ್ಬಳು ಹೇಳಿದಳು.

ವನಮಾಲಾ ಮುಖ ಎತ್ತಿದಳು. “ಇದು ನನ್ನ ಗಂಟಲ್ಲ ಮಿಸ್” ಎಂದಳು. ಅವಳು ಹೇಳಿದ್ದು ಎಸ್ತರ್ ಮೇಡಂಗೆ ಅಲ್ಲ, ದ್ರಾಕ್ಷಾಯಣಿ ಮಿಸ್‌ಗೆ. ಅವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆಯಿಂದ.

ಮಿಸ್ ನನ್ನನ್ನು ನೋಡಿದರು. ಗಂಟನ್ನು ನೋಡಿದರು. ಅವರಿಗೆ ಅರ್ಥವಾಯಿತು. ನನ್ನ ತುದಿ ಅವರ ಕೈಯಲ್ಲೇ ಇತ್ತು. ಆ ಕೈ ತಣ್ಣಗಾದದ್ದು ನನಗೆ ಗೊತ್ತಾಯಿತು. ಪಕ್ಕದಲ್ಲಿ ಆಯಾ ನಂಜಮ್ಮ ನಿಂತಿದ್ದಳು, ಬಸ್ಕಿ ಹೊಡೆದ ಹುಡುಗಿಯರು ನಿಂತಿದ್ದರು, ಜಿಲ್ಲೆಯ ದೊಡ್ಡವರು ಕತ್ತು ಉದ್ದ ಮಾಡಿದ್ದರು.

“ಮತ್ತೆ ಯಾರದು ವನಿ?” ಎಂದರು ಮಿಸ್.

ಅಷ್ಟೇ ಮಾತು. ಅದನ್ನು ಸುಳ್ಳು ಎಂದು ಹಿಡಿಯಲೂ ಬರುವುದಿಲ್ಲ. ಬರೀ ಪ್ರಶ್ನೆ. ಆದರೆ ಹುಡುಗಿಯ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು, ಅದು ಎಂಥ ಏಟು ಎಂದು.

ಎಸ್ತರ್ ಮೇಡಂ ಕೆಟ್ಟವರಲ್ಲ. ನಿಧಾನವಾಗಿ ಹೇಳಿದರು, “ಗಂಟು ತಪ್ಪಿದ್ರೆ ಕಲಿಸಬಹುದು ಮಗು. ಆದ್ರೆ ಗೈಡ್ ಆಗೋಳ ಮಾತು ನಂಬೋ ಹಾಗಿರ್ಬೇಕು. ನಂದೇ ಗಂಟು, ತಪ್ಪಾಯ್ತು ಅಂತ ಹೇಳು. ಈಗಲೇ ಕರ್ಕೋತೀನಿ.”

“ನಂದಲ್ಲ” ಎಂದಳು ವನಮಾಲಾ.

“ಹಾಗಾದ್ರೆ ಮುಂದಿನ ಸಲ ನೋಡೋಣ.”

ಗಂಟು ಬಿಚ್ಚಲು ಯಾರಿಂದಲೂ ಆಗಲಿಲ್ಲ. ಎಸ್ತರ್ ಮೇಡಂ ಚಾಕು ತೆಗೆದು ಅದರ ಎರಡೂ ಪಕ್ಕಕ್ಕೆ ಕತ್ತರಿಸಿದರು. ನನ್ನ ಒಂದು ಗೇಣು ಗಂಟಿನ ಸಮೇತ ಮೈದಾನದಲ್ಲಿ ಬಿತ್ತು. ಮಧ್ಯಾಹ್ನ ಕಸದ ಜೊತೆ ಗುಡಿಸಿಕೊಂಡು ಹೋದರು.

ಹಾಗೆ ಆರು ತಿಂಗಳು ಕಳೆದವು. ಎತ್ತರದ ಹುಡುಗಿ ಗಿಡ್ಡ ಮಕ್ಕಳ ನಡುವೆ ನಿಲ್ಲುತ್ತಿದ್ದಳು. ಅವಳ ಜೊತೆಯವರು ಆ ಕಡೆ ಟೆಂಟು ಹೊಡೆಯುವುದನ್ನು, ಕಲ್ಲು ಹೂಡಿ ಅನ್ನ ಮಾಡುವುದನ್ನು ಕಲಿಯುತ್ತಿದ್ದರೆ ಇವಳು ಈ ಕಡೆ ಕೆರೆ ದಡ ಆಟ ಆಡಬೇಕು. ಆರು ವರ್ಷದ ಹಸೀನಾ, ಮುಂದಿನ ಎರಡು ಹಲ್ಲು ಬಿದ್ದವಳು, ಒಂದು ದಿನ ಕೇಳಿಯೇಬಿಟ್ಟಳು: “ಅಕ್ಕಾ, ನೀನ್ಯಾಕೆ ಹಾರ್ಲಿಲ್ಲ? ನಿನ್ಗೆ ರೆಕ್ಕೆ ಬಂದಿಲ್ವಾ?”

“ಬಂದಿದೆ. ಹಗ್ಗಕ್ಕೆ ಸಿಕ್ಕಾಕೊಂಡಿದೆ” ಎಂದಳು ವನಮಾಲಾ.

ದೊಡ್ಡ ಹುಡುಗಿಯರಿಗೆ ಅವಳ ಮೇಲೆ ಒಂದು ಪದ್ಯವೇ ಹುಟ್ಟಿತ್ತು. ಕಿಟಕಿಯ ಹೊರಗೆ ಹಾದುಹೋಗುವಾಗ “ಸುಳ್ಳಿ ಸುಳ್ಳಿ ಸೂಜಿಮಲ್ಲಿ, ಗಂಟು ಬಿಚ್ಚೋಕ್ ಬಾರೇ ಕಳ್ಳಿ” ಎನ್ನುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ. ನನ್ನ ಕಡೆಗೂ ನೋಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಮಿಸ್ ಕೂಡ ನೋಡುತ್ತಿರಲಿಲ್ಲ. ಮೊದಮೊದಲು ನನ್ನ ಮೊಳೆಯ ಮೇಲೆ ತಮ್ಮ ಕೊಡೆ ನೇತುಹಾಕಿದರು. ಆಮೇಲೆ ಒಂದು ಹಳೆಯ ಭೂಪಟವನ್ನೂ ಅದರ ಮೇಲೆ ತೂಗುಬಿಟ್ಟರು. ಭೂಪಟದ ಹಿಂದೆ ಕತ್ತಲಲ್ಲಿ ನಾನು, ಅದರ ಒಂದು ಹರಕಿನಿಂದ ಇಣುಕುತ್ತಾ. ಅವರು ವನಮಾಲಾಗೆ ಎಲ್ಲದರಲ್ಲೂ ಒಂದು ಹೆಚ್ಚು ಕೊಡುತ್ತಿದ್ದರು. ಚಿಕ್ಕಿ ಹಂಚಿದರೆ ಅವಳಿಗೆ ಎರಡು, ಹಾಡಿನಲ್ಲಿ ಅವಳೇ ಮುಂದೆ. ಒಂದು ದಿನ ತಮ್ಮ ಮನೆಯ ಸೀಬೆಹಣ್ಣು ತಂದು ಅವಳ ಕೈಗಿಟ್ಟರು. ಅವಳು ಅದನ್ನು ಮೇಜಿನ ಮೇಲೆ ಇಟ್ಟು, “ಬೇಡ ಮಿಸ್, ಹಲ್ಲು ನೋವು” ಎಂದು ಹೊರಟುಹೋದಳು. ಮಿಸ್ ಆ ಹಣ್ಣನ್ನು ತಿನ್ನಲೂ ಇಲ್ಲ, ಬಿಸಾಡಲೂ ಇಲ್ಲ. ಅದು ಅಲ್ಲೇ ಕೊಳೆಯುತ್ತಾ ಕೋಣೆಗೆಲ್ಲ ವಾಸನೆ ಹಿಡಿಸಿತು.

ಕೆಲವೊಮ್ಮೆ ಯಾರೂ ಇಲ್ಲದಾಗ ಅವರು ಖಾಲಿ ಬೆಂಚುಗಳ ಎದುರು ನಿಂತು ಮಾತು ಜೋಡಿಸುತ್ತಿದ್ದರು. “ಎಸ್ತರ್ ಮೇಡಂ, ಅವತ್ತು ಏನಾಯ್ತು ಅಂದ್ರೆ...” ಎಂದು ಶುರುಮಾಡುವರು. ಅಲ್ಲಿಗೇ ನಿಲ್ಲಿಸುವರು. ಸೀರೆಯ ನೆರಿಗೆ ಸರಿಮಾಡಿಕೊಂಡು ಬೀಗ ಹಾಕಿ ಹೋಗುವರು. ಎಷ್ಟು ದಿನ ಆ ಅರ್ಧ ಮಾತು ಕೇಳಿದೆನೋ! ನಾವಿಬ್ಬರೂ ಒಂದೇ ತಪ್ಪಿನ ಎರಡು ತುದಿಗಳು. ಅವರಿಗೆ ಬಾಯಿತ್ತು, ಬಿಡಲಿಲ್ಲ. ನನಗೆ ಬಾಯೇ ಇರಲಿಲ್ಲ. ಆದರೆ ಬಾಯಿ ಇದ್ದಿದ್ದರೆ ನಾನು ಹೇಳುತ್ತಿದ್ದೆ ಎಂದು ಯಾವ ಧೈರ್ಯದಿಂದ ಹೇಳಲಿ? ರಾಣಿಯ ಹಾಗೆ ಮೊಳೆಯ ಮೇಲೆ ಕೂತವರಿಗೆ ಕೆಳಗಿಳಿಯುವುದು ಸುಲಭವಲ್ಲ.

ಹೊಂಗೆ ಚಿಗುರಿತು. ಯುಗಾದಿಗೆ ಹತ್ತು ದಿನ ಇತ್ತು. ಮರುದಿನ ಹಾರುವ ದಿನ. ಆ ಸಲವೂ ಹತ್ತು ದಾಟಿದವಳು ವನಮಾಲಾ ಒಬ್ಬಳೇ. ಮುಂದಿನ ತಿಂಗಳು ಅವಳಿಗೆ ಹನ್ನೊಂದು ತುಂಬುತ್ತಿತ್ತು. ಹನ್ನೊಂದು ತುಂಬಿದವಳು ಬುಲ್‌ಬುಲ್ ಆಗಿ ಇರುವ ಹಾಗಿಲ್ಲ. ಗೈಡ್ಸ್‌ಗೂ ಹೋಗದಿದ್ದರೆ ಸ್ಕಾರ್ಫ್ ಬಿಚ್ಚಿಕೊಟ್ಟು ಮನೆಗೆ ಹೋಗಬೇಕು.

ಮಧ್ಯಾಹ್ನ ಅಜ್ಜಿ ಸಾಕಮ್ಮ ಕೋಣೆಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಳು.

“ಬನ್ನಿ ಅಮ್ಮ, ಕೂತ್ಕೊಳ್ಳಿ” ಎಂದರು ಮಿಸ್.

“ಕೂರಕ್ ಬಂದಿಲ್ಲ ಕಣ್ ಮಿಸ್ಸೇ. ಒಂದ್ ಮಾತ್ ಕೇಳಕ್ ಬಂದೆ. ನಮ್ ವನಿ ಹುಟ್ಟಿದಾಗಿಂದ ಸುಳ್ ಹೇಳಿದ್ದ ನಾ ಕಾಣೆ. ಬೆಲ್ಲ ಕದ್ರೂ ‘ಕದ್ದೆ ಕಣಜ್ಜಿ’ ಅಂತ ಬಂದ್ ನಿಂತ್ಕಳೋಳು. ಅದುಕ್ಕೇ ಇಷ್ಟ್ ದಿನ ಅವಳ್ ಕಡೀಕೇ ಇದ್ದೆ.” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆದ್ರೆ ನಾನ್ ಓದಿಲ್ಲದ ಮುಂಡೆ. ನೀವ್ ಓದಿದೋರು. ಎಲ್ಲಾರ್ ಎದುರ್ಗೆ ನೀವೇ ‘ಮತ್ತೆ ಯಾರದು’ ಅಂದ್ಮೇಲೆ ಅವಳ್ದೇ ಇರ್ಬೇಕು ಅಲ್ವಾ? ನೀವ್ ಸುಳ್ ಹೇಳ್ತೀರಾ? ರಾತ್ರಿ ಅವಳ್ ಕೈಲಿ ಆಣೆ ಹಾಕಿಸ್ಕಂಡೆ. ನಾಳೆ ತಪ್ಪಾಯ್ತು ಅಂತಾಳೆ. ನೀವ್ ಮಾತ್ರ ಮಗೀನ ಬಿಡಬ್ಯಾಡಿ. ದಾಟಿಸ್ತೀನಿ ಅಂದಿದ್ರಂತೆ.”

ಮಿಸ್ ಬಾಯಿ ತೆರೆದರು. “ಅಮ್ಮ, ಅವತ್ತು ಏನಾಯ್ತು ಅಂದ್ರೆ...”

“ಏನಾದ್ರೂ ಆಗ್ಲಿ ಬುಡ್ರವ್ವ. ಮಕ್ಳು ಅಂದ್ಮೇಲೆ ತಪ್ಪು ಮಾಡ್ತವೆ. ಅದುನ್ನ ಮನಸ್ಗೆ ಹಾಕಬ್ಯಾಡಿ” ಎಂದು ಅಜ್ಜಿ ಮಿಸ್ಸನ್ನೇ ಸಮಾಧಾನ ಮಾಡಿ, ಮಡಿಲಿಂದ ಎರಡು ನಿಂಬೆಹಣ್ಣು ತೆಗೆದು ಮೇಜಿನ ಮೇಲಿಟ್ಟು ಹೋದಳು.

ಕುರ್ಚಿಯಲ್ಲಿ ಕೂತ ಮಿಸ್ ಭೂಪಟದ ಹರಕಿನಿಂದ ನನಗೆ ಕಾಣುತ್ತಿರಲಿಲ್ಲ. ಕೇಳಿಸುತ್ತಿತ್ತು. ಆಮೇಲೆ ಕುರ್ಚಿ ಸರಿದ ಸದ್ದು. ಅವರು ಬಂದು ಭೂಪಟ ಎತ್ತಿದರು, ಕೊಡೆ ತೆಗೆದರು, ಆರು ತಿಂಗಳಲ್ಲಿ ಮೊದಲ ಸಲ ನನ್ನನ್ನು ಕೈಯಲ್ಲಿ ಹಿಡಿದರು. ಕತ್ತರಿಸಿದ ತುದಿಯ ಮೇಲೆ ಬೆರಳಾಡಿಸಿದರು.

“ನಿನಗಾದ್ರೂ ಗೊತ್ತಲ್ಲ” ಎಂದರು. ನನಗೆ ಗೊತ್ತಿತ್ತು ಎಂಬುದೇ ನನ್ನ ಸಂಕಟ.

ಮಾರನೇ ಬೆಳಿಗ್ಗೆ ಮೈದಾನದಲ್ಲಿ ಶಾಮಿಯಾನ ಇರಲಿಲ್ಲ, ದೊಡ್ಡವರೂ ಇರಲಿಲ್ಲ. ಗೈಡ್ಸ್, ಬುಲ್‌ಬುಲ್‌ಗಳು, ಎಸ್ತರ್ ಮೇಡಂ, ಗೋಡೆಗೆ ಒರಗಿ ಕೂತ ಸಾಕಮ್ಮ. ನಾನು ಗಂಟಿಲ್ಲದೆ ನೆಲದ ಮೇಲೆ ಸುಮ್ಮನೆ ಬಿದ್ದಿದ್ದೆ. ಮೊದಲು ಮಾತು, ಆಮೇಲೆ ಗಂಟು ಎಂದು ಎಸ್ತರ್ ಮೇಡಂ ಹೇಳಿದ್ದರು.

ವನಮಾಲಾ ಮುಂದೆ ಬಂದಳು. ಶೂಗೆ ಸುಣ್ಣ ಹಚ್ಚಿಕೊಂಡಿದ್ದಳು. ಅಜ್ಜಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

“ಅವತ್ತು ನಾನು...” ಎಂದಳು. “ಅವತ್ತಿನ ಗಂಟು...”

“ಹೇಳ್ಬೇಡ ವನಿ” ಎಂದರು ದ್ರಾಕ್ಷಾಯಣಿ ಮಿಸ್.

ಎಲ್ಲರೂ ತಿರುಗಿದರು. ಮಿಸ್ ಮಕ್ಕಳ ಸಾಲಿನಿಂದ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ಅವರ ಚಪ್ಪಲಿಯೊಳಗಿನ ಬೆರಳುಗಳು ಮುದುಡಿಕೊಂಡಿದ್ದವು. ನನಗೆ ಕಂಡದ್ದು ಅಷ್ಟೇ.

“ಅದು ಅವಳ ಗಂಟಲ್ಲ. ನಂದು. ರಜೇಲಿ ಈ ಹಗ್ಗ ನಾನು ಮನೆಗೆ ಒಯ್ದಿದ್ದೆ, ಹಾಸಿಗೆ ಕಟ್ಟೋಕೆ. ಅವಳ ಗಂಟು ನಾನೇ ಬಿಚ್ಚಿದೆ. ಬಸ್ಸಿಳಿದು ಓಡಿ ಬಂದು ನಾನೇ ಹಾಕಿದೆ. ತಪ್ಪು ಹಾಕಿದೆ. ಅವಳು ನನ್ನ ಮುಖ ನೋಡಿ ಹೇಳಿದಾಗ ನನಗೆ ಗೊತ್ತಿತ್ತು. ಗೊತ್ತಿದ್ದೇ ಮತ್ತೆ ಯಾರದು ಅಂದೆ.”

ಒಂದು ಗೂಡ್ಸ್ ರೈಲು ದೂರದಲ್ಲಿ ಹೋಗುತ್ತಿತ್ತು. ಆಯಾ ನಂಜಮ್ಮ ಕೈಯಲ್ಲಿದ್ದ ಪೊರಕೆಯನ್ನು ನಿಧಾನವಾಗಿ ಗೋಡೆಗೆ ಒರಗಿಸಿದಳು.

“ಆರು ತಿಂಗಳು ಬೇಕಾಯ್ತಾ ದ್ರಾಕ್ಷಾಯಣಿ?” ಎಂದರು ಎಸ್ತರ್ ಮೇಡಂ. ಅಷ್ಟೇ ಕೇಳಿದರು. ನಂತರ ವನಮಾಲಾ ಕಡೆಗೆ ತಿರುಗಿ, “ನಾನೂ ನಿನ್ನ ನಂಬಲಿಲ್ಲ ಮಗು. ಅದು ನನ್ನ ತಪ್ಪು. ಬಾ, ಗಂಟು ಹಾಕು” ಎಂದರು.

ವನಮಾಲಾ ಕದಲಲಿಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬೆಲ್ಲ ಕದ್ದು ಸಿಕ್ಕಿಬಿದ್ದವರನ್ನು ನೋಡುವ ಅಜ್ಜಿಯ ಕಣ್ಣು ಅವಳಿಗೆ ಬಂದಿತ್ತು.

“ಮೊದ್ಲು ಮಿಸ್ ಹಾಕ್ಲಿ” ಎಂದಳು. “ಸರಿಯಾಗಿ ಹಾಕ್ಲಿ. ಆಮೇಲೆ ನಾನು ಬಿಚ್ತೀನಿ.”

“ಏಯ್ ವನಿ!” ಎಂದಳು ಅಜ್ಜಿ ಗೋಡೆಯ ಕಡೆಯಿಂದ.

“ಇರಲಿ ಅಮ್ಮ” ಎಂದು ಮಿಸ್ ನೆಲದ ಮೇಲೆ ಕೂತೇಬಿಟ್ಟರು, ಇಸ್ತ್ರಿ ಸೀರೆಯಲ್ಲೇ. ನನ್ನ ಎರಡು ತುದಿ ಕೈಗೆ ತೆಗೆದುಕೊಂಡರು. ಇಪ್ಪತ್ತನಾಲ್ಕು ಮಕ್ಕಳು ಮೇಲೆ ಬಗ್ಗಿ ನೋಡುತ್ತಿದ್ದರು. ಮೊದಲ ಸುತ್ತು ಹಾಕಿದರು. ಎರಡನೆಯದನ್ನೂ ಹಾಕಿದರು.

“ಮಿಸ್, ತಪ್ಪು!” ಎಂದು ಹಸೀನಾ ಕಿರುಚಿದಳು. “ಎರಡೂ ಒಂದೇ ಕಡೆ ಹೋಯ್ತು! ತಪ್ಪು ತಪ್ಪು!”

ಎಸ್ತರ್ ಮೇಡಂ ಬಗ್ಗಿ ನೋಡಿದರು. “ಅದೇ ಗಂಟು” ಎಂದರು, ಮೆಲ್ಲಗೆ. “ಅವತ್ತು ಕತ್ತರಿಸಿದೆನಲ್ಲ, ಇದು ಅದೇ.”

ಗೈಡ್ಸ್ ಸಾಲಿನಲ್ಲಿ ಆ ಪದ್ಯ ಕಟ್ಟಿದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲರೂ ನೆಲ ನೋಡಿದರು. ಮಿಸ್ಸಿನ ಕಣ್ಣಿನಿಂದ ಒಂದು ಹನಿ ನನ್ನ ಮೇಲೆ ಬಿತ್ತು. ಒಂದು ಹನಿಗೆ ಊದಿಕೊಳ್ಳುವ ವಯಸ್ಸು ನನಗೆ ದಾಟಿತ್ತು.

“ನಾವು ಎದುರಿಗಿದ್ರೆ ನಿಮಗೆ ಬರಲ್ಲ ಮಿಸ್, ಇರಿ” ಎಂದು ಹಸೀನಾ ಆ ಗಂಟು ಸಡಿಲಿಸಿ, ಅವರ ಬೆನ್ನ ಹಿಂದೆ ಹೋಗಿ, ಹೆಗಲ ಮೇಲಿಂದ ಕೈ ಚಾಚಿ, ಅವರ ಬೆರಳ ಮೇಲೆ ತನ್ನ ಬೆರಳಿಟ್ಟಳು. “ಹೇಳಿ. ಬಲ...”

“ಬಲ ಎಡದ ಮೇಲೆ” ಎಂದರು ಮಿಸ್.

“ಜೋರಾಗಿ!”

“ಬಲ ಎಡದ ಮೇಲೆ” ಎಂದು ಮಕ್ಕಳೆಲ್ಲ ಸೇರಿದರು. “ಎಡ ಬಲದ ಮೇಲೆ!”

ಗಂಟು ಕೂತಿತು. ಮಕ್ಕಳು ನನ್ನನ್ನು ಹಿಡಿದು ವಾಲಿ ಸುತ್ತಿದರು. ಈ ಸಲ ಒಳಗೆ ಮಿಸ್ ಕೂಡ ಇದ್ದರು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ. ಹಾಡು ನಿಂತಿತು.

ವನಮಾಲಾ ಗಂಟಿನ ಮುಂದೆ ಬಂದು ನಿಂತಳು. ಒತ್ತುವ ಮೊದಲು ಒಂದು ಉಸಿರು ಎಳೆದುಕೊಂಡಳು. ಆ ಉಸಿರಿನಲ್ಲಿ ಇದ್ದ ಹೆದರಿಕೆ ನಾನು ಕೊಟ್ಟದ್ದು. ಎರಡು ಬದಿಯಿಂದ ಅವಳ ಹೆಬ್ಬೆರಳು ತಗುಲಿದ್ದೇ ತಡ, ನಾನು ಬಿಟ್ಟೆ. ನನ್ನ ಮೂರು ಹುರಿಯೂ ಸೇರಿ ಬಿಟ್ಟವು.

ಒಂದು ಶೂ ಹೊರಗೆ ಬಂತು. ಇನ್ನೊಂದೂ ಬಂತು. ಅವಳು ತಿರುಗಿ ನಿಂತು ಗಂಟು ಹಾಕಿದಳು, ಒಂದೇ ಸಲ, ನೋಡದೆ.

“ಎಳೆದು ನೋಡಿ ಮಿಸ್” ಎಂದಳು.

ಒಳಗಿನಿಂದ ಮಿಸ್ ಎಳೆದರು. ನಿಂತಿತು.

“ಸರಿ ಇದೆ” ಎಂದರು.

“ಹೂಂ” ಎಂದು ವನಮಾಲಾ ಎಡಗೈ ಚಾಚಿಕೊಂಡು ಎಸ್ತರ್ ಮೇಡಂ ಕಡೆಗೆ ನಡೆದಳು.